ಕೆಂಡದ ಊಟ ಎಲ್ಲಿ ಚೆನ್ನ? ಹುಡುಕಿದ್ದು, ಕಂಡದ್ದು, ಕಲಿತದ್ದು



ಕಳೆದ ಕಾರ್ಯಕಾರಿ ಸಮಿತಿ ಸಭೆಯಲ್ಲಿ ನಮ್ಮ ಯುವ ಘಟಕದವರು ಒಂದು ಮನವಿ ಮುಂದಿಟ್ಟರು. ಈ ಸಲದ ಬೇಕಲ ಕೋಟೆ ಪ್ರವಾಸದ ಸಂಜೆ ಊಟಕ್ಕೆ ಎಂದಿನ ಚಿತ್ರಾನ್ನ, ಮೊಸರನ್ನದ ಪೊಟ್ಟಣ ಬೇಡ. ಒಳ್ಳೆಯ ‘ಬಾರ್ಬೆಕ್ಯೂ’ ಹೋಟೆಲಿಗೆ ಹೋಗೋಣ ಎಂದು. ಕೂಡಲೇ ಸಭೆ ಎರಡು ಪಾಲಾಯಿತು. ಹಿರಿಯರೊಬ್ಬರು “ಅದೆಂಥದ್ದು ಮಾರಾಯ್ರೆ, ನಮ್ಮಲ್ಲಿ ಅರ್ಧ ಜನ ಸಸ್ಯಾಹಾರಿಗಳಲ್ಲವೋ” ಎಂದರು. ಒಬ್ಬ ತಾಯಿ ಎದ್ದು ನಿಂತು, “ಚೆರುವತ್ತೂರಿನ ಸುದ್ದಿ ಮರೆತುಹೋಯಿತಾ? ಮಕ್ಕಳ ಜವಾಬ್ದಾರಿ ಯಾರದ್ದು?” ಎಂದು ಕೇಳಿದರು. ಅದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ಕೊನೆಗೆ ಅಧ್ಯಕ್ಷರು, “ಸೆಕ್ರೆಟರಿಯವರು ವಿಚಾರಿಸಿ ವರದಿ ಕೊಡಲಿ” ಎಂದು ತೀರ್ಮಾನ ಬರೆಸಿದರು. ಗುಮಾಸ್ತನಾಗಿ ಮೂವತ್ತಕ್ಕೂ ಹೆಚ್ಚು ವರ್ಷ ‘ವಿಚಾರಿಸಿ ವರದಿ’ ಬರೆದವನಿಗೆ ನಿವೃತ್ತಿಯ ನಂತರ ಕೋಳಿ ಸುಡುವ ಅಂಗಡಿಗಳ ಬಗ್ಗೆಯೂ ಬರೆಯುವ ಯೋಗ ಬಂತು. ಆ ವರದಿಯನ್ನೇ ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಸ್ವಲ್ಪ ವಿಸ್ತರಿಸಿ ಕೊಡುತ್ತಿದ್ದೇನೆ.

ಬೋರ್ಡಿನಲ್ಲಿ ಏನಿದೆ, ತಟ್ಟೆಯಲ್ಲಿ ಏನು ಬರುತ್ತದೆ

ಹುಡುಕಲು ಹೊರಟವನಿಗೆ ಮೊದಲ ತೊಡಕು ಹೆಸರಿನದ್ದೇ. ‘ಬಾರ್ಬೆಕ್ಯೂ’ ಎಂಬುದು ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ಮಾತಿನಿಂದ ಸ್ಪ್ಯಾನಿಷ್ ಮೂಲಕ ಇಂಗ್ಲಿಷಿಗೆ ಬಂದ ಪದ. ಬೆಂಕಿಯ ಮೇಲೆ ಕೋಲುಗಳ ಅಟ್ಟಣಿಗೆ ಕಟ್ಟಿ ಮಾಂಸ ಬೇಯಿಸುವುದಕ್ಕೆ ಸಂಬಂಧಪಟ್ಟದ್ದು. ನಮ್ಮ ಜಿಲ್ಲೆಯಲ್ಲಿ ಆ ಹೆಸರಿನ ಬೋರ್ಡುಗಳು ಕಡಿಮೆ. ಮಂಜೇಶ್ವರದಿಂದ ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡಿನವರೆಗೆ ಹೆದ್ದಾರಿಯ ಬದಿಯಲ್ಲಿ ಕಾಣುವ ಹೆಸರುಗಳೇ ಬೇರೆ: ಅಲ್‌ಫಾಮ್, ಕುಳಿಮಂದಿ, ಶವಾಯ, ಶವರ್ಮ, ತಂದೂರಿ. ಇವೆಲ್ಲ ಒಂದೇ ಅಲ್ಲ.

ಅಲ್‌ಫಾಮ್ ಎಂದರೆ ಅರಬ್ಬಿಯಲ್ಲಿ ‘ಇದ್ದಿಲು’. ಇಡೀ ಕೋಳಿಯನ್ನು ಪುಸ್ತಕದ ಹಾಗೆ ಬಿಡಿಸಿ, ಮಸಾಲೆ ಸವರಿ ಕೆಲವು ಗಂಟೆ ಇಟ್ಟು, ಎರಡು ತಂತಿ ಜಾಲರಿಗಳ ನಡುವೆ ಬಿಗಿದು ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಸುಡುತ್ತಾರೆ. ಎಣ್ಣೆ ತೀರ ಕಡಿಮೆ. ಕಾಲು, ಅರ್ಧ, ಪೂರ್ತಿ ಎಂದು ಲೆಕ್ಕ. ಜೊತೆಗೆ ಕುಬ್ಬೂಸ್ ಮತ್ತು ಮೇಯನೈಸ್. ಮೂಲ ಮಸಾಲೆಯಲ್ಲಿ ಕಾಳುಮೆಣಸು, ಜೀರಿಗೆ, ಏಲಕ್ಕಿ, ಲಿಂಬೆಯ ರುಚಿ ಮುಂದಿರುತ್ತದೆ. ನಮ್ಮ ಊರಿನವರು ಅದಕ್ಕೆ ಗಾಂಧಾರಿ ಮೆಣಸನ್ನೂ ಹಚ್ಚಿ ತಮ್ಮದೇ ಮಾಡಿಕೊಂಡಿದ್ದಾರೆ.

ಮಂದಿ ಯೆಮೆನ್ ದೇಶದ ಹದ್ರಮೌತ್ ಪ್ರದೇಶದ ಅಡುಗೆ. ನೆಲದಲ್ಲಿ ಕುಳಿ ತೋಡಿ, ಅಡಿಯಲ್ಲಿ ಕೆಂಡ, ಅದರ ಮೇಲೆ ಅನ್ನದ ಪಾತ್ರೆ, ಅದಕ್ಕೂ ಮೇಲೆ ಮಾಂಸ ಇಟ್ಟು ಬಾಯಿ ಮುಚ್ಚುತ್ತಾರೆ. ಮಾಂಸದ ರಸ ಹನಿಹನಿಯಾಗಿ ಅನ್ನಕ್ಕೆ ಇಳಿಯುತ್ತದೆ. ಮಲಯಾಳಿಗಳು ಅದಕ್ಕೆ ತಮ್ಮ ‘ಕುಳಿ’ ಸೇರಿಸಿ ಹೆಸರಿಟ್ಟರು. 2022ರಲ್ಲಿ ಮಲಯಾಳದ ನಟ, ಲೇಖಕ ವಿ.ಕೆ. ಶ್ರೀರಾಮನ್ ಅವರು ಈ ಪದವನ್ನೇ ನಿಷೇಧಿಸಬೇಕು ಎಂಬರ್ಥದಲ್ಲಿ ಬರೆದು ಕೇರಳದಲ್ಲಿ ದೊಡ್ಡ ಚರ್ಚೆಯೇ ಆಗಿತ್ತು. ಕನ್ನಡದವರಾದ ನಮಗೆ ‘ಮಂದಿ’ ಎಂದರೆ ಜನ. ಹಾಗಾಗಿ ನನ್ನ ಶ್ರೀಮತಿಗೆ ಆ ಬೋರ್ಡು ಕಂಡಾಗಲೆಲ್ಲ ನಗು ತಡೆಯುವುದಿಲ್ಲ.

ಶವಾಯ ಎಂದರೆ ಗಾಜಿನ ಪೆಟ್ಟಿಗೆಯೊಳಗೆ ಸರಳಿಗೆ ಪೋಣಿಸಿ ಸುತ್ತುವ ಇಡೀ ಕೋಳಿ. ಇದರ ಶಾಖ ಹೆಚ್ಚಿನ ಕಡೆ ಗ್ಯಾಸಿನದ್ದು, ಕೆಂಡದ್ದಲ್ಲ. ಶವರ್ಮ ಎಂಬ ಹೆಸರು ತುರ್ಕಿಯ ‘ತಿರುಗಿಸು’ ಎಂಬ ಪದದಿಂದ ಬಂದದ್ದು. ನಿಂತ ಕಂಬಕ್ಕೆ ಮಾಂಸದ ಪದರಗಳನ್ನು ಪೇರಿಸಿ, ಬೆಂದ ಹೊರಮೈಯನ್ನು ಹೆರೆದು ರೊಟ್ಟಿಯಲ್ಲಿ ಸುತ್ತಿಕೊಡುವುದು. ತಂದೂರಿ ನಿಮಗೆ ಗೊತ್ತಿರುವ ಮಣ್ಣಿನ ಒಲೆಯದ್ದು.

ಇನ್ನೊಂದು ಎಚ್ಚರಿಕೆ. ಮಂಗಳೂರು, ಬೆಂಗಳೂರಿನ ಕಡೆಯಿಂದ ಬರುವ ನಮ್ಮ ಬಂಧುಗಳು ‘ಕಬಾಬ್’ ಕೇಳುತ್ತಾರೆ. ಕರ್ನಾಟಕದ ಹೋಟೆಲುಗಳಲ್ಲಿ ಚಿಕನ್ ಕಬಾಬ್ ಎಂದರೆ ಸಾಮಾನ್ಯವಾಗಿ ಕೆಂಪು ಮಸಾಲೆಯಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು. ಇಲ್ಲಿಯ ಅರಬ್ಬಿ ಹೋಟೆಲುಗಳಲ್ಲಿ ಕಬಾಬ್ ಎಂದರೆ ಕೊಚ್ಚಿದ ಮಾಂಸವನ್ನು ಕಂಬಿಗೆ ಮೆತ್ತಿ ಸುಟ್ಟದ್ದು. ಒಂದನ್ನು ನೆನೆಸಿಕೊಂಡು ಇನ್ನೊಂದನ್ನು ತರಿಸಿ ಬೇಸರ ಮಾಡಿಕೊಳ್ಳಬೇಡಿ.

ಇಷ್ಟೆಲ್ಲ ಅರಬ್ಬಿ ಅಡುಗೆ ನಮ್ಮ ಜಿಲ್ಲೆಗೆ ಬಂದದ್ದು ಹೇಗೆ ಎಂದು ಯಾರೂ ಕೇಳಬೇಕಾಗಿಲ್ಲ. ಪ್ರತಿ ಮನೆಯಲ್ಲದಿದ್ದರೂ ಪ್ರತಿ ಓಣಿಯಲ್ಲಿ ಒಬ್ಬರಾದರೂ ಗಲ್ಫಿಗೆ ಹೋದವರಿದ್ದಾರೆ. ಅಲ್ಲಿ ಅಡುಗೆಮನೆಯಲ್ಲಿ ದುಡಿದವರು ಊರಿಗೆ ಬಂದು ಅಂಗಡಿ ಇಟ್ಟರು. ಅಲ್ಲಿ ತಿಂದು ರುಚಿ ಹತ್ತಿದವರು ಗಿರಾಕಿಗಳಾದರು.

ನಮ್ಮದೇ ಕೆಂಡ ಮರೆಯಬಾರದು

ಹಾಗೆಂದು ಸುಟ್ಟ ಅಡುಗೆ ನಮಗೆ ಹೊಸದೇನಲ್ಲ. ಕನ್ನಡದ ‘ಸುಡು’, ಮಲಯಾಳದ ‘ಚುಡು’ ಅಕ್ಕ ತಂಗಿಯರು. ಬದನೆಕಾಯಿ ಸುಟ್ಟು ಸಿಪ್ಪೆ ತೆಗೆದು ಮಾಡಿದ ಗೊಜ್ಜು, ಮಳೆಗಾಲದಲ್ಲಿ ಕೆಂಡದ ಮೇಲೆ ಅರಳಿಸಿದ ಹಲಸಿನ ಹಪ್ಪಳ, ಒಲೆಯ ಬೂದಿಯಲ್ಲಿ ಹೂತಿಟ್ಟ ಗೆಣಸು, ಬೇಸಗೆ ರಜೆಯಲ್ಲಿ ಗುಡ್ಡೆಯ ಮೇಲೆ ತರಗೆಲೆ ಹಾಕಿ ಸುಟ್ಟ ಗೇರುಬೀಜ, ಗಂಜಿಯ ಜೊತೆಗೆ ನಂಜಿಕೊಳ್ಳಲು ಸುಟ್ಟ ಒಣಮೀನು. ಇವೆಲ್ಲ ನಮ್ಮ ಬಾರ್ಬೆಕ್ಯೂ ಅಲ್ಲವೇ? ಗೇರುಬೀಜದ ಸೊನೆ ಸಿಡಿದು ತುಟಿ ಸುಟ್ಟುಕೊಂಡ ಗುರುತು ನನ್ನ ವಯಸ್ಸಿನ ಹಲವರ ಮುಖದಲ್ಲಿ ಇತ್ತು. ತೆಂಗಿನ ಗೆರಟೆಯ ಕೆಂಡದಲ್ಲಿ ಬಾಳೆಲೆ ಸುತ್ತಿ ಸುಟ್ಟ ಬಂಗುಡೆಯ ಪರಿಮಳ ಗೊತ್ತಿದ್ದವರಿಗೆ ಬೇರೆ ಯಾವುದೇ ಸರ್ಟಿಫಿಕೇಟ್ ಬೇಡ.

ದುಃಖದ ಸಂಗತಿ ಎಂದರೆ ಇವು ಹೋಟೆಲಿನಲ್ಲಿ ಸಿಗುವುದು ಕಷ್ಟ. ಗ್ಯಾಸ್ ಒಲೆ ಬಂದ ಮೇಲೆ ಮನೆಯಲ್ಲೂ ಕೆಂಡ ಇಲ್ಲ. ಯುವ ಘಟಕದ ಹುಡುಗರಲ್ಲಿ ಎಷ್ಟು ಮಂದಿ ಸುಟ್ಟ ಬದನೆಕಾಯಿ ಗೊಜ್ಜು ತಿಂದಿದ್ದೀರಿ ಎಂದು ಕೇಳಿದೆ. ಹನ್ನೊಂದು ಜನರಲ್ಲಿ ಮೂರು ಕೈ ಎದ್ದವು.

ಹುಡುಕಿದ ಬಗೆ

ಮೊದಲು ನನ್ನ ಮೊಮ್ಮಗಳು ಮೊಬೈಲಿನಲ್ಲಿ ನಕ್ಷೆ ತೆರೆದು ನಕ್ಷತ್ರಗಳನ್ನು ತೋರಿಸಿದಳು. ನಾಲ್ಕೂವರೆ ನಕ್ಷತ್ರ, ನೂರಾರು ಅಭಿಪ್ರಾಯ. ಓದುತ್ತಾ ಹೋದಂತೆ ಒಂದು ವಿಷಯ ತಿಳಿಯಿತು. ಹೆಚ್ಚಿನವರು ಬರೆಯುವುದು ದೀಪಾಲಂಕಾರ, ಪಾರ್ಕಿಂಗ್, ಪ್ರಮಾಣ, ಬೆಲೆಯ ಬಗ್ಗೆ. ಕೆಂಡ ಹೇಗಿತ್ತು, ಎಲುಬಿನ ಹತ್ತಿರ ಬೆಂದಿತ್ತೇ ಎಂದು ಬರೆಯುವವರು ಕಡಿಮೆ. ಅಂಗಡಿ ತೆರೆದ ಮೊದಲ ವಾರವೇ ಐವತ್ತು ಹೊಗಳಿಕೆ ಬಂದಿದ್ದರೆ ಅವು ಗೆಳೆಯರದ್ದೋ ನೆಂಟರದ್ದೋ ಇರಬಹುದು. ಆದ್ದರಿಂದ ಹೊಗಳಿಕೆ ಬಿಟ್ಟು ದೂರುಗಳನ್ನು ಓದಿ, ಅದರಲ್ಲೂ ಒಂದೇ ದೂರು ಬೇರೆ ಬೇರೆ ತಿಂಗಳಲ್ಲಿ ಮತ್ತೆ ಮತ್ತೆ ಬಂದಿದೆಯೇ ನೋಡಿ. ಅದು ನಿಜವಾದ ಸೂಚನೆ.

ಆಮೇಲೆ ಹಳೆಯ ಪದ್ಧತಿ ಹಿಡಿದೆ. ಆಟೋ ಸ್ಟ್ಯಾಂಡಿನಲ್ಲಿ, ಔಷಧಿ ಅಂಗಡಿಯಲ್ಲಿ, ರಾತ್ರಿ ಪಾಳಿಯ ಬಸ್ ಸಿಬ್ಬಂದಿಯಲ್ಲಿ ವಿಚಾರಿಸಿದೆ. “ನೀವು ನಿಮ್ಮ ಮಕ್ಕಳನ್ನು ಎಲ್ಲಿಗೆ ಕರಕೊಂಡು ಹೋಗುತ್ತೀರಿ?” ಎಂದು ಕೇಳಬೇಕು. “ಎಲ್ಲಿ ಚೆನ್ನಾಗಿದೆ?” ಎಂದು ಕೇಳಿದರೆ ಹತ್ತು ಹೆಸರು ಬರುತ್ತದೆ. ಮಕ್ಕಳ ಮಾತೆತ್ತಿದ ಕೂಡಲೇ ಅದು ಎರಡಕ್ಕೆ ಇಳಿಯುತ್ತದೆ.

ಹಾಗೆ ಉಳಿದ ಏಳು ಅಂಗಡಿಗಳಿಗೆ ನಾನೇ ಹೋದೆ. ನಾನು ಮಾಂಸ ತಿನ್ನುವವನೇ, ಆದರೆ ಈ ವಯಸ್ಸಿನಲ್ಲಿ ಏಳು ಸಲ ಅಲ್‌ಫಾಮ್ ತಿನ್ನುವ ಹೊಟ್ಟೆ ಇಲ್ಲ. ಮೂರರಲ್ಲಿ ಚಹಾ ಕುಡಿದು ನೋಡಿ ಬಂದೆ. ನೋಡಿದ್ದು ಇವು:

ಒಂದು, ಕೆಂಡ. ಇದ್ದಿಲು ಪೂರ್ತಿ ಹತ್ತಿ ಮೇಲೆ ತೆಳ್ಳಗೆ ಬೂದಿ ಕೂತಿರಬೇಕು. ಇನ್ನೂ ಕಪ್ಪಾಗಿ ದಟ್ಟ ಹೊಗೆ ಬರುತ್ತಿದ್ದಾಗಲೇ ಕೋಳಿ ಇಟ್ಟರೆ ಕಹಿ ಹೊಗೆ ಹಿಡಿಯುತ್ತದೆ. ಕೊಬ್ಬು ಬಿದ್ದು ಜ್ವಾಲೆ ಎದ್ದರೆ ಹೊರಗೆ ಕರಟುತ್ತದೆ, ಒಳಗೆ ಹಸಿ ಉಳಿಯುತ್ತದೆ. ಒಳ್ಳೆಯ ಕೆಲಸಗಾರ ಜಾಲರಿಯನ್ನು ಸುಮ್ಮನೆ ಬಿಡುವುದಿಲ್ಲ. ಎತ್ತುತ್ತಾನೆ, ತಿರುಗಿಸುತ್ತಾನೆ, ಕೆಂಡ ಸರಿಸುತ್ತಾನೆ.

ಎರಡು, ಸಮಯ. ಹಸಿ ಕೋಳಿಯನ್ನು ಕೆಂಡದ ಮೇಲೆ ಸುಡಲು ಅರ್ಧ ಗಂಟೆಯಾದರೂ ಬೇಕು. ಹತ್ತು ನಿಮಿಷದಲ್ಲಿ ತಟ್ಟೆ ಬಂದರೆ ಮೊದಲೇ ಅರ್ಧ ಬೇಯಿಸಿ ಇಟ್ಟದ್ದು ಎಂದು ತಿಳಿಯಿರಿ. ಅದು ಯಾವಾಗ ಬೇಯಿಸಿದ್ದು, ಎಲ್ಲಿ ಇಟ್ಟದ್ದು ಎಂಬುದು ಮುಂದಿನ ಪ್ರಶ್ನೆ.

ಮೂರು, ಕೈ. ಹಸಿ ಕೋಳಿ ಮುಟ್ಟಿದ ಇಕ್ಕಳದಲ್ಲೇ ಬೆಂದದ್ದನ್ನು ತೆಗೆಯುತ್ತಾರೆಯೇ? ಅದೇ ಹಲಗೆಯಲ್ಲಿ ಕತ್ತರಿಸುತ್ತಾರೆಯೇ? ಏಳರಲ್ಲಿ ಎರಡು ಕಡೆ ನಾನು ಇದನ್ನು ಕಣ್ಣಾರೆ ಕಂಡೆ. ಅವು ಪಟ್ಟಿಯಿಂದ ಹೋದವು, ರುಚಿ ಎಷ್ಟೇ ಇರಲಿ.

ನಾಲ್ಕು, ಎಲುಬಿನ ಸಂದು. ತೊಡೆ ಮತ್ತು ದೇಹ ಸೇರುವ ಕಡೆ ಬಿಡಿಸಿ ನೋಡಿ. ಮಾಂಸ ಎಲುಬಿಗೆ ಅಂಟಿಕೊಂಡು ಜೆಲ್ಲಿಯಂತಿದ್ದರೆ, ಹಸಿ ರಸ ಹರಿದರೆ ವಾಪಸು ಕೊಡಿ, ಸಂಕೋಚ ಬೇಡ. ಕೋಳಿಯ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರೋಗಾಣುಗಳ ಭಯ ಇಲ್ಲ ಎಂಬುದು ಸಾಮಾನ್ಯ ಲೆಕ್ಕ.

ಕುಳಿಮಂದಿಯ ಬಗ್ಗೆ ಒಂದು ಮಾತು. ನಿಜವಾಗಿ ಕುಳಿ ಇರುವ ಅಂಗಡಿಯವರು ತೋರಿಸಲು ಹಿಂಜರಿಯುವುದಿಲ್ಲ. ಒಂದು ಕಡೆ ಯಜಮಾನರು, “ಬನ್ನಿ ಮಾಷೇ, ನೋಡಿ” ಎಂದು ಹಿಂದಕ್ಕೇ ಕರೆದೊಯ್ದರು. ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ ಮುಚ್ಚಿದ್ದರು. ಇನ್ನು ಕೆಲವು ಕಡೆ ಗ್ಯಾಸಿನಲ್ಲಿ ಬೇಯಿಸಿ, ಕೊನೆಗೆ ಅನ್ನದ ನಡುವೆ ಬಟ್ಟಲಿಟ್ಟು ಅದರಲ್ಲಿ ಒಂದು ಕೆಂಡ, ಮೇಲೆ ತುಪ್ಪ ಹಾಕಿ ಹೊಗೆ ಕೊಡುತ್ತಾರೆ. ಅದು ಮೋಸವೇನಲ್ಲ, ತಿನ್ನಲೂ ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಕುಳಿಯ ಬೆಲೆ ಕೊಡಬೇಕಾಗಿಲ್ಲ.

ಚೆರುವತ್ತೂರು ಕಲಿಸಿದ್ದು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. 2022ರ ಮೇ 1ರಂದು ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದು ಅಸ್ವಸ್ಥಳಾದ 16 ವರ್ಷದ ವಿದ್ಯಾರ್ಥಿನಿ ತೀರಿಕೊಂಡಳು. ಅನೇಕ ಮಕ್ಕಳು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಕೇರಳ ಹೈಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಅದಕ್ಕೂ ಹತ್ತು ವರ್ಷ ಮೊದಲು, 2012ರಲ್ಲಿ, ತಿರುವನಂತಪುರದಲ್ಲಿ ಶವರ್ಮ ತಿಂದ ಯುವಕನೊಬ್ಬ ಬೆಂಗಳೂರಿನಲ್ಲಿ ಸತ್ತಾಗಲೂ ಗದ್ದಲವಾಗಿತ್ತು, ಮರೆತೂ ಹೋಗಿತ್ತು.

ಚೆರುವತ್ತೂರಿನ ನಂತರ ನಿಯಮಗಳು ಬಂದವು. ಶವರ್ಮದ ಕಂಬದಲ್ಲಿ ಸತತ ನಾಲ್ಕು ಗಂಟೆ ಕೆಲಸವಾದ ಮೇಲೆ ಉಳಿದ ಮಾಂಸವನ್ನು ಉಪಯೋಗಿಸಬಾರದು. ಹೆರೆದ ಮಾಂಸ ಪೂರ್ತಿ ಬೇಯಲು ಇನ್ನೊಮ್ಮೆ ಕಾಯಿಸಬೇಕು. 2023ರ ಜನವರಿಯಲ್ಲಿ ಹಸಿ ಮೊಟ್ಟೆಯಿಂದ ಮಾಡುವ ಮೇಯನೈಸ್ ಅನ್ನು ಕೇರಳದಲ್ಲಿ ನಿಷೇಧಿಸಲಾಯಿತು. ಪಾಶ್ಚರೀಕರಿಸಿದ ಮೊಟ್ಟೆಯದ್ದು ಅಥವಾ ಮೊಟ್ಟೆ ಇಲ್ಲದ್ದು ಮಾತ್ರ ಕೊಡಬಹುದು. ಪಾರ್ಸೆಲ್ ಪೊಟ್ಟಣದ ಮೇಲೆ ತಯಾರಿಸಿದ ದಿನ, ವೇಳೆ ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿ ಕಡ್ಡಾಯವಾಯಿತು. ಬೇಗ ಕೆಡುವ ಬಿಸಿ ಪದಾರ್ಥಗಳಿಗೆ ಎರಡು ಗಂಟೆಯ ಮಿತಿ. ಅಡುಗೆಯವರಿಗೆ, ಬಡಿಸುವವರಿಗೆ ಹೆಲ್ತ್ ಕಾರ್ಡ್ ಬೇಕು.

ಈ ಎರಡು ಗಂಟೆ ಎಲ್ಲಿಂದ ಬಂತು? 5 ಡಿಗ್ರಿಗಿಂತ ಕೆಳಗೆ ರೋಗಾಣುಗಳ ಬೆಳವಣಿಗೆ ತೀರ ನಿಧಾನ, 60 ಡಿಗ್ರಿಗಿಂತ ಮೇಲೆ ಅವು ಬೆಳೆಯಲಾರವು. ಇವೆರಡರ ನಡುವೆ, ಮುಖ್ಯವಾಗಿ ನಮ್ಮ ಕರಾವಳಿಯ ಸೆಕೆಯಲ್ಲಿ, ಅವು ನೋಡನೋಡುತ್ತಾ ದುಪ್ಪಟ್ಟಾಗುತ್ತವೆ. ಪದಾರ್ಥ ಹಳಸಿದ ವಾಸನೆ ಬರುವುದಕ್ಕೂ ಮೊದಲೇ ಹೊಟ್ಟೆ ಕೆಡಿಸುವಷ್ಟು ಆಗಿರುತ್ತವೆ.

ಇದನ್ನು ನಾನು ಪುಸ್ತಕ ನೋಡಿ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನಮ್ಮದೇ ಕಾರ್ಯಕ್ರಮವೊಂದಕ್ಕೆ ಸಂಜೆ ಆರೂವರೆಗೆ ಅಲ್‌ಫಾಮ್ ಪೊಟ್ಟಣಗಳನ್ನು ತರಿಸಿದ್ದೆ. ಭಾಷಣಗಳು ಬೆಳೆದವು, ಸನ್ಮಾನ ಬೆಳೆಯಿತು, ವಂದನಾರ್ಪಣೆಯನ್ನು ನಾನೇ ಇಪ್ಪತ್ತು ನಿಮಿಷ ಮಾಡಿದೆ. ಪೊಟ್ಟಣ ಬಿಚ್ಚುವಾಗ ಹತ್ತು ಗಂಟೆ. ಮರುದಿನ ನಾನೂ ಸೇರಿ ಐದು ಮಂದಿ ಹಾಸಿಗೆ ಹಿಡಿದೆವು. ಅಂಗಡಿಯವರು ಚೀಟಿ ಅಂಟಿಸಿಯೇ ಕೊಟ್ಟಿದ್ದರು. ಓದದೆ ಇದ್ದವನು ನಾನು. ಜೀವಮಾನವಿಡೀ ಕಡತಗಳ ಮೇಲಿನ ಸಣ್ಣ ಅಕ್ಷರ ಓದಿದವನು ಆ ಒಂದು ಚೀಟಿ ಓದಲಿಲ್ಲ. ಅದನ್ನು ಸಮಿತಿಯ ಮುಂದೆ ಆಗ ಹೇಳಲು ನಾಚಿಕೆಯಾಗಿತ್ತು, ಈಗ ಹೇಳುತ್ತಿದ್ದೇನೆ.

ಹೋಟೆಲಿನಲ್ಲಿ ಕೂತಾಗ ನೋಡಬೇಕಾದದ್ದು ಇನ್ನೂ ಎರಡಿದೆ. ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಸಂಖ್ಯೆ ಇರಬೇಕು, ಬಿಲ್ಲಿನಲ್ಲಿಯೂ ಇರಬೇಕು. ಹಾಗೆಯೇ ಕೇರಳದ ಆಹಾರ ಸುರಕ್ಷಾ ಇಲಾಖೆ ‘ಈಟ್ ರೈಟ್ ಕೇರಳ’ ಎಂಬ ಮೊಬೈಲ್ ಆ್ಯಪ್ ತಂದಿದೆ. ಶುಚಿತ್ವದ ಪರಿಶೋಧನೆಯಾಗಿ ರೇಟಿಂಗ್ ಪಡೆದ ಹೋಟೆಲುಗಳನ್ನು ಅದರಲ್ಲಿ ಹುಡುಕಬಹುದು. ಗಿರಾಕಿಗಳು ಕೊಡುವ ನಕ್ಷತ್ರಕ್ಕೂ ಇದಕ್ಕೂ ವ್ಯತ್ಯಾಸ ಇದೆ: ಇಲ್ಲಿ ಅಡುಗೆಮನೆಯ ಒಳಗೆ ಹೋಗಿ ನೋಡಿರುತ್ತಾರೆ.

ದೂರು ಕನ್ನಡದಲ್ಲೇ ಕೊಡಬಹುದು

ಕೆಟ್ಟ ಆಹಾರ ಸಿಕ್ಕಿದರೂ ನಮ್ಮ ಅನೇಕ ಹಿರಿಯರು ಸುಮ್ಮನಿರುತ್ತಾರೆ. ಕಾರಣ ಕೇಳಿದರೆ, “ಮಲಯಾಳದಲ್ಲಿ ಬರೆಯಲಿಕ್ಕೆ ಬರುವುದಿಲ್ಲ” ಎನ್ನುತ್ತಾರೆ. ದಯವಿಟ್ಟು ಗಮನಿಸಿ: 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು. ಸಂವಿಧಾನದ 350ನೇ ವಿಧಿಯೂ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಕೊಟ್ಟಿದೆ. ಅಂಗಡಿಯ ಹೆಸರು, ಊರು, ದಿನಾಂಕ, ವೇಳೆ, ಏನು ತಿಂದದ್ದು, ಬಿಲ್ಲಿನ ಪ್ರತಿ, ವೈದ್ಯರ ಚೀಟಿ ಇದ್ದರೆ ಅದರ ಪ್ರತಿ, ಇಷ್ಟು ಸಾಕು. ಬರೆಯಲು ಸಹಾಯ ಬೇಕಾದವರು ಸಂಘದ ಕಚೇರಿಗೆ ಬನ್ನಿ, ನಾನೇ ಬರೆದುಕೊಡುತ್ತೇನೆ. ಭಾಷೆಯ ಹಕ್ಕು ಬಳಸದೆ ಇಟ್ಟರೆ ಅದೂ ಹಳಸುತ್ತದೆ.

ಸಸ್ಯಾಹಾರಿಗಳ ವಿಷಯ

ಪನ್ನೀರು, ಅಣಬೆ, ಅನಾನಸು, ಜೋಳದ ತೆನೆ ಇವುಗಳನ್ನೂ ಈ ಅಂಗಡಿಗಳಲ್ಲಿ ಸುಟ್ಟು ಕೊಡುತ್ತಾರೆ. ಆದರೆ ಹೆಚ್ಚಿನ ಕಡೆ ಅದೇ ಜಾಲರಿ, ಅದೇ ಕುಂಚ. ನಾನು ಕೇಳಿದಾಗ ಒಬ್ಬರು ಪ್ರಾಮಾಣಿಕವಾಗಿ, “ಬೇರೆ ಇಲ್ಲ ಸಾರ್, ತೊಳೆದು ಕೊಡುತ್ತೇವೆ” ಎಂದರು. ಅವರ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ನಮ್ಮ ಸದಸ್ಯರಲ್ಲಿ ಅನೇಕರಿಗೆ ಅದು ಒಪ್ಪಿಗೆಯಾಗದು. ಹಾಗಾಗಿ ಬೇರೆಯೇ ವ್ಯವಸ್ಥೆ ಬೇಕು.

ಸಮಿತಿಯ ಮುಂದೆ ಇಟ್ಟ ಸಲಹೆ

ಯಾವ ಅಂಗಡಿ ಎಲ್ಲಕ್ಕಿಂತ ಉತ್ತಮ ಎಂದು ಇಲ್ಲಿ ಹೆಸರು ಹಾಕುವುದಿಲ್ಲ. ಅಡುಗೆಯವರು ಬದಲಾದರೆ ಅಂಗಡಿಯೇ ಬದಲಾದಂತೆ. ಇಂದಿನ ಒಳ್ಳೆಯದು ಆರು ತಿಂಗಳ ನಂತರವೂ ಹಾಗೆಯೇ ಇರಬೇಕೆಂದಿಲ್ಲ. ನಾನು ನೋಡಿದ ಏಳರಲ್ಲಿ ಮೂರು ನನಗೆ ಒಪ್ಪಿಗೆಯಾದವು. ಪ್ರವಾಸಕ್ಕೆ ಬರುವವರಿಗೆ ಆ ಮೂರರ ಹೆಸರು ಕಚೇರಿಯಲ್ಲಿ ಸಿಗುತ್ತದೆ. ಸಮಿತಿ ಒಪ್ಪಿಕೊಂಡ ತೀರ್ಮಾನಗಳು ಇವು:

1. ಬೇಕಲ ಕೋಟೆ ನೋಡಿದ ಮೇಲೆ ಮಾಂಸಾಹಾರಿಗಳು ಹೋಟೆಲಿನಲ್ಲೇ ಕೂತು ಬಿಸಿಬಿಸಿಯಾಗಿ ಉಣ್ಣುವುದು. ಪಾರ್ಸೆಲ್ ಇಲ್ಲ.
2. ಶವರ್ಮ ಇಲ್ಲ. ಮೊಟ್ಟೆಯ ಮೇಯನೈಸ್ ಇಲ್ಲ. ಬೆಳ್ಳುಳ್ಳಿ ಹಾಕಿದ ಮೊಸರಿನ ಚಟ್ನಿ ಸಾಕು.
3. ಹಿಂದಿನ ವಾರ ಇಬ್ಬರು ಸದಸ್ಯರು ಮತ್ತೊಮ್ಮೆ ಹೋಗಿ ನೋಡಿ ಬರುವುದು. ಆ ಇಬ್ಬರಲ್ಲಿ ಪ್ರಶ್ನೆ ಕೇಳಿದ ಆ ತಾಯಿಯೂ ಒಬ್ಬರು. ಅವರು ಒಪ್ಪಿದರೆ ಮಾತ್ರ ಮುಂಗಡ ಕೊಡುವುದು.
4. ಸಸ್ಯಾಹಾರಿಗಳಿಗೆ ಸದಸ್ಯರೊಬ್ಬರ ಅಂಗಳದಲ್ಲಿ ಪ್ರತ್ಯೇಕವಾಗಿ ಗೆರಟೆಯ ಕೆಂಡ ಹಾಕಿ ಗೆಣಸು, ಜೋಳ, ಹಲಸಿನ ಹಪ್ಪಳ, ಸುಟ್ಟ ಬದನೆಕಾಯಿ ಗೊಜ್ಜು, ಗಂಜಿ.
5. ಭಾಷಣ ಊಟದ ನಂತರ.

ನಾಲ್ಕನೆಯದನ್ನು ಓದಿ ಹೇಳಿದಾಗ ತಮಾಷೆಯೊಂದು ನಡೆಯಿತು. ಹೋಟೆಲೇ ಬೇಕು ಎಂದು ಹಟ ಹಿಡಿದಿದ್ದ ಯುವ ಘಟಕದ ಹುಡುಗರಲ್ಲಿ ಆರು ಮಂದಿ ಅಂಗಳದ ಊಟಕ್ಕೆ ಹೆಸರು ಕೊಟ್ಟಿದ್ದಾರೆ. ಗೇರುಬೀಜವನ್ನೂ ಸುಡಬಹುದೇ ಎಂದು ಕೇಳಿದ್ದಾರೆ. ಅದಕ್ಕೆ ಬೇಸಗೆ ಬರಬೇಕು ಮಕ್ಕಳೇ, ಜೊತೆಗೆ ತುಟಿ ಜೋಪಾನ ಎಂದಿದ್ದೇನೆ.

ಪ್ರವಾಸದ ದಿನಾಂಕ ಮತ್ತು ಶುಲ್ಕ ಕಾರ್ಯಕ್ರಮಗಳ ಪಟ್ಟಿಯಲ್ಲಿದೆ. ಹೆಸರು ನೋಂದಾಯಿಸುವಾಗ ಹೋಟೆಲೋ ಅಂಗಳವೋ ಎಂದು ತಪ್ಪದೆ ತಿಳಿಸಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ